ನಮ್ಮ ಹೈಸ್ಕೂಲಿನ ಭೋಂಗಾ

ಗೋಕಾಕದಲ್ಲಿ ನಾನು ಮಾಸ್ತರಿಕೆ ಮಾಡಿದ ಹೈಸ್ಕೂಲಿನವರು ನೆನಪಿನ ಸಂಚಿಕೆ ತರುತ್ತಿದ್ದಾರೆ. ಅದಕ್ಕೆ ಅಲ್ಲಿಯ ರೇಡಿಯೋದ ಇತಿಹಾಸ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದಾರೆ. ಒಪ್ಪಿಕೊಂಡು ನಾಲ್ಕು ತಿಂಗಳಾಯಿತು. ಮೊದಲ ವಾಕ್ಯ ಪ್ರತಿ ಸಲವೂ ಚೆನ್ನಾಗಿಯೇ ಬರುತ್ತದೆ. ಎರಡನೆಯದಕ್ಕೆ ಕೈ ಏಳದೆ ಚಹಾ ಮಾಡಿಕೊಳ್ಳಲು ಹೋಗುತ್ತೇನೆ. ಇತಿಹಾಸ ಅಲ್ಲೇ ಇದೆ, ಚಹಾಪುಡಿ ಮುಗಿದಿದೆ.

ರೇಡಿಯೋ ಅನ್ನುವುದು ನಮ್ಮ ದೊಡ್ಡಸ್ತಿಕೆ. ಮಹಾಯುದ್ಧದ ದಿನಗಳಲ್ಲಿ ನಮ್ಮ ವಿಜ್ಞಾನದ ಮಾಸ್ತರರು ಎಲ್ಲಿಂದಲೋ ಒಂದು ಮೈಕು, ಒಂದು ಆಂಪ್ಲಿಫಾಯರು, ದನಿ ದೊಡ್ಡದು ಮಾಡಿ ಹೊರಹಾಕುವ ಒಂದು ತಗಡಿನ ಭೋಂಗಾ ತಂದು ಜೋಡಿಸಿದರು. ಮೈಕು ಲೈಬ್ರರಿಯ ಕೋಣೆಯಲ್ಲಿ, ಭೋಂಗಾ ಕಂಪೌಂಡಿನ ಬೇವಿನ ಮರದ ಮೇಲೆ. ಎಲ್ಲವೂ ಮೋಟಾರಿನ ಬ್ಯಾಟರಿಯಿಂದ ನಡೆಯಬೇಕು, ಆ ಬ್ಯಾಟರಿ ಚಾರ್ಜಿಗೆಂದು ಬಸ್ಸಿನ ಟಾಪಿನ ಮೇಲೆ ಕೂತು ಘಟಪ್ರಭಾಕ್ಕೆ ಹೋಗಿ ಬರಬೇಕು. ಸಂತೆಯ ದಿನ ಸಂಜೆ ಅರ್ಧ ತಾಸಿನ ಕಾರ್ಯಕ್ರಮ: ಪತ್ರಿಕೆಯ ಸುದ್ದಿ, ಪೇಟೆಯ ಧಾರಣೆ, ಹುಡುಗರ ಒಂದು ವಚನ, ಕೊನೆಗೆ ಹೊಸ ಕನ್ನಡ ಮಾಸ್ತರನಾದ ನನ್ನ ನಗೆಮಾತು. ಎರಡು ವರ್ಷ ನಡೆದ ಮೇಲೆ ಆಂಪ್ಲಿಫಾಯರಿನ ವಾಲ್ವು ಸುಟ್ಟಿತು, ಯುದ್ಧದ ಕಾಲದಲ್ಲಿ ಹೊಸದು ಸಿಗಲಿಲ್ಲ. ಸಂಚಿಕೆಗೆ ಇಷ್ಟು ಸಾಕು. ಉಳಿದದ್ದನ್ನು ನಿಮಗೆ ಹೇಳುತ್ತೇನೆ.

ಡಂಗುರ ಸಾರುವವನಿಗೂ ಭೋಂಗಾಕ್ಕೂ ಒಂದು ವ್ಯತ್ಯಾಸವಿದೆ. ಡಂಗುರದವನನ್ನು ಓಣಿಯ ತುದಿಯಲ್ಲಿ ನಿಲ್ಲಿಸಿ "ಏನಂದಿ? ಇನ್ನೊಮ್ಮೆ ಹೇಳಪಾ" ಎನ್ನಬಹುದು. ಅವನೂ ನಿಂತು, ಒಂದು ಚಂಬು ನೀರು ಕುಡಿದು, ನಮ್ಮ ಮುಖ ನೋಡಿ ಹೇಳುತ್ತಾನೆ. ಭೋಂಗಾದಲ್ಲಿ ಮಾತಾಡುವವನಿಗೆ ಯಾರ ಮುಖವೂ ಕಾಣುವುದಿಲ್ಲ. ಕಾಣದಿದ್ದರೆ ನಾಲಿಗೆ ಸಡಿಲಾಗುತ್ತದೆ. ನನ್ನದು ಮೊದಲೇ ಸಡಿಲು.

ನನ್ನಪ್ಪ ಮಸಗುಪ್ಪಿಯಲ್ಲಿ ಕುರಿ ಕಾಯುತ್ತಿದ್ದ. ಅಕ್ಕನ ಮಗಳನ್ನು ಮದುವೆಯಾಗಲು ನಾನು ಒಲ್ಲೆ ಎಂದ ದಿನ ಅವನು ಕಂಬಳಿ ಹೆಗಲಿಗೇರಿಸಿ, "ಇನ್ನ ನಿನ್ನ ಜೋಡಿ ನನ್ನ ಮಾತ ಮುಗದೂವು" ಎಂದಿದ್ದ. ಮುಗಿಸಿಯೂ ಬಿಟ್ಟ. ಮೂರು ವರ್ಷ ನಾನು ಊರಿಗೆ ಹೋಗಲಿಲ್ಲ, ಅವನು ಕರೆಯಲಿಲ್ಲ. ಹಟದಲ್ಲಿ ಮಾತ್ರ ನಾವು ತಪ್ಪದೆ ತಂದೆ ಮಕ್ಕಳು.

ಒಂದು ಸಂತೆಯ ದಿನ ನಗೆಮಾತಿಗೆ ಬೇರೇನೂ ಹೊಳೆಯದೆ ಅಪ್ಪನ ಕಥೆಯನ್ನೇ ಹೇಳಿದೆ. ಕುರುಬರು ತಮ್ಮ ಕುರಿ ಬೇರೆ ಹಿಂಡಿನಲ್ಲಿ ಬೆರೆತರೂ ಗುರುತು ಸಿಗಲೆಂದು ಮೈಮೇಲೆ ಬಣ್ಣ ಹಚ್ಚುತ್ತಾರೆ. ನನ್ನನ್ನು ಮೊದಲ ಸಲ ಬೋರ್ಡಿಂಗಿಗೆ ಬಿಡಲು ಬಂದಾಗ ಅಪ್ಪ ನನ್ನ ಹೊಸ ಅಂಗಿಯ ಬೆನ್ನಿಗೆ ಕೆಮ್ಮಣ್ಣಿನಿಂದ ಅದೇ ಗುರುತು ಹಚ್ಚಿ, ಹೆಡ್ ಮಾಸ್ತರರಿಗೆ ಕೈಮುಗಿದು, "ಸಂಜೀಕ ಎಣಿಸಿ ಒಳಗ ಹಾಕ್ತೀರಿ ಹೌದಲ್ರೀ?" ಎಂದು ಕೇಳಿದ್ದ. ಇದನ್ನು ಅವನ ದನಿಯನ್ನೇ ಅಣಕಿಸುತ್ತ ಹೇಳಿದೆ. ಹೊರಗೆ ಜನ ಬಿದ್ದು ಬಿದ್ದು ನಕ್ಕದ್ದು ಕೋಣೆಯವರೆಗೆ ಕೇಳಿಸಿತು. ನನಗೆ ಎರಡು ಕೋಡು ಮೂಡಿದವು.

ಮೈಕು ಆರಿಸುವಾಗ ನಮ್ಮ ಸಾಲೆಯ ಸಿಪಾಯಿ ಭೀಮಪ್ಪ ಬಾಗಿಲಲ್ಲಿ ನಿಂತಿದ್ದ.

"ಸರ, ನಿಮ್ಮ ಅಪ್ಪಾರು ಪ್ರತಿ ಸಂತಿಗೂ ಬಂದು ಮರದ ಬುಡಕ ಕುಂದರ್ತಾರ್ರಿ. ನಿಮಗ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸ್ಯಾರ. ಇವತ್ತ ತಡಕೊಳ್ಳಾಕ ಆಗಲಿಲ್ರಿ."

"ಇವತ್ತೂ ಬಂದಿದ್ದಾ?"

"ಬಂದಿದ್ದರ್ರಿ. ಬಾಜೂಕಿನಾಂವಾ ‘ಈ ಮಾಸ್ತರನ ಅಪ್ಪ ಯಾವ ಊರಾಂವಪಾ?’ ಅಂತ ಕೇಳ್ದಾ. ಇವರು ರುಮಾಲ ಸರಿ ಮಾಡ್ಕೊಂಡು ಎದ್ದ ಹೋದ್ರು."

ಹೊರಗೆ ಓಡಿದೆ. ಮರದ ಕೆಳಗೆ ಶೇಂಗಾ ಸಿಪ್ಪೆ ಬಿದ್ದಿತ್ತು, ಅಪ್ಪ ಇರಲಿಲ್ಲ.

ಮರುದಿನವೇ ಮಸಗುಪ್ಪಿಗೆ ಹೋಗಬೇಕಿತ್ತು. ಎದುರಿಗೆ ನಿಂತು ತಪ್ಪಾಯಿತು ಎನ್ನಲು ನನಗೆ ಧೈರ್ಯ ಸಾಲಲಿಲ್ಲ. ಮುಂದಿನ ಸಂತೆಗೆ ಬಂದೇ ಬರುತ್ತಾನೆ, ಭೋಂಗಾದಲ್ಲಿಯೇ ಹೇಳಿದರಾಯಿತು ಎಂದುಕೊಂಡೆ. ಮುಂದಿನ ಸಂತೆಗೆ ನಗೆಮಾತು ಬಿಟ್ಟು, "ಯಪ್ಪಾ, ತಪ್ಪಾತು, ಹೊಟ್ಯಾಗ ಹಾಕ್ಕೊ" ಎಂದೆ. ಜನ ಅದನ್ನೂ ಚೇಷ್ಟೆಯೆಂದು ತಿಳಿದು ನಕ್ಕರು. ಅಪ್ಪ ಬಂದಿರಲಿಲ್ಲ. ಅದರ ಮುಂದಿನ ಸಂತೆಗೂ ಹೇಳಿದೆ, ಅದರ ಮುಂದಿನದಕ್ಕೂ ಹೇಳಿದೆ. ಪ್ರತಿ ಸಲವೂ ಭೀಮಪ್ಪ ಕಿಟಕಿಯಿಂದ ಇಲ್ಲವೆಂದು ಕೈಯಾಡಿಸುತ್ತಿದ್ದ. ಸಿಟ್ಟಾಗಿದ್ದಾನೆ, ಇಳಿಯಲಿ ಎಂದು ಕಾದೆ.

ನಾಲ್ಕನೆಯ ಸಂತೆಯ ಹಿಂದಿನ ದಿನ ಊರಿನಿಂದ ಕಾಕಾ ಬಂದ. ಅಪ್ಪ ತೀರಿಕೊಂಡಿದ್ದ.

ಮಣ್ಣು ಕೊಟ್ಟು ಬಂದ ಮೇಲೆ ಅವ್ವನ ಮುಂದೆ ಕೂತು, ನನ್ನ ಮೇಲೆ ಸಿಟ್ಟಿನಲ್ಲೇ ಹೋದನೇ ಎಂದು ಕೇಳಿದೆ.

"ಸಿಟ್ಟ ಯಾಕಪಾ? ಆ ಸಂತಿ ದಿನಾ ಬಂದು, ‘ಬೆನ್ನಿಗೆ ಗುರುತ ಹಚ್ಚಿದ್ದ ಇನ್ನೂ ಮರತಿಲ್ಲ ನೋಡ ಅಂವಾ’ ಅಂತ ನಕ್ಕೊಂತ ಹೇಳಿದ್ರು. ಮರುದಿನಾನ ಜ್ವರ ಹಿಡೀತು. ಹೇಳಿ ಕಳಸ್ತೇನಿ ಅಂದ್ರ, ಅವಗ ಸಾಲಿ ಐತಿ, ಬ್ಯಾಡ ಅಂದ್ರು. ಸಂತಿ ಬಂತಂದ್ರ ಹಾಸಿಗ್ಯಾಗ ಎದ್ದ ಕುಂತು ‘ಇವತ್ತ ಏನ ಮಾತಾಡಿರಬೇಕ ಅಂವಾ?’ ಅಂತ ಕೇಳಾವ್ರು. ನಾ ಏನ ಹೇಳ್ಲಿ? ನನಗೇನ ಗೊತ್ತ?"

ನನ್ನ ಮಾತಿಗಾಗಿ ಒಬ್ಬರು ಹಾಗೆ ಕಾದದ್ದು ಅದೇ ಮೊದಲು, ಅದೇ ಕೊನೆ. ನಮ್ಮ ಭೋಂಗಾ ಗಾಳಿ ಸರಿಯಾಗಿದ್ದರೆ ಹೊಳೆಯ ಆಚೆಗೂ ಕೇಳಿಸುತ್ತಿತ್ತೆಂದು ವಿಜ್ಞಾನದ ಮಾಸ್ತರರು ಹೆಮ್ಮೆಪಡುತ್ತಿದ್ದರು. ಇರಬಹುದು, ಆದರೆ ಮಸಗುಪ್ಪಿ ಅದಕ್ಕೂ ದೂರ. ಆ ಕಡೆಯ ಬಸ್ಸು ಮಾತ್ರ ದಿನಾ ಹೋಗುತ್ತಿತ್ತು, ನಮ್ಮ ಸಾಲೆಯ ಮುಂದೆಯೇ ನಿಲ್ಲುತ್ತಿತ್ತು.