ಇಸ್ತ್ರಿಯ ತಿಸೌಕೆ ಆನೆ ನೋಡಿದ್ದು

ಲುವಾಂಗ್ವಾ ನದಿಯ ದಂಡೆಯ ಸಫಾರಿ ಶಿಬಿರದಲ್ಲಿ ತಿಸೌಕೆ ಇಪ್ಪತ್ತಮೂರು ವರ್ಷ ಬಟ್ಟೆ ಒಗೆದು ಇಸ್ತ್ರಿ ಹಾಕಿದಳು. ಒಣಹಾಕಿದ ಬಟ್ಟೆಯ ಮೇಲೆ ಅಲ್ಲಿನ ಒಂದು ನೊಣ ಮೊಟ್ಟೆಯಿಡುತ್ತದೆ. ಹಾಗೇ ತೊಟ್ಟರೆ ಹುಳು ಚರ್ಮದೊಳಕ್ಕೆ ಹೊಕ್ಕು ಕೂರುತ್ತದೆ. ಅದಕ್ಕೇ ಬಿಸಿಗೆ ಮೊಟ್ಟೆ ಸಾಯಲೆಂದು ಕಾಲುಚೀಲವನ್ನೂ ಬಿಡದೆ ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲಿ ಉಜ್ಜುತ್ತಿದ್ದಳು. ಅಂಗಿಗೆ ಮೆತ್ತಿದ ಮಣ್ಣು ನೋಡಿಯೇ ಅತಿಥಿಗಳು ಎಲ್ಲೆಲ್ಲಿ ಸುತ್ತಿ ಬಂದರೆಂದು ಹೇಳಬಲ್ಲಳು. ಆದರೆ ಅವರನ್ನು ಸುತ್ತಿಸುವ ಜೀಪನ್ನು ಅವಳು ಒಂದು ದಿನವೂ ಹತ್ತಿದವಳಲ್ಲ.

ಹತ್ತಬೇಕೆಂದು ಅನಿಸಿದ್ದೂ ಇಲ್ಲ. ಆನೆಯೆಂದರೆ ಅವಳ ಪಾಲಿಗೆ ಮುಸುಕಿನ ಜೋಳದ ಹೊಲಕ್ಕೆ ನುಗ್ಗುವ ಪೀಡೆ. ಒಂದು ವರ್ಷ ಕಣಜವನ್ನೇ ಕೆಡವಿ ತಿಂದುಹೋಗಿದ್ದವು. ಆ ಮಳೆಗಾಲವಿಡೀ ಮನೆಮಂದಿ ಕಾಡುಗೆಡ್ಡೆ ಬೇಯಿಸಿಕೊಂಡು ತಿಂದರು.

"ನಮ್ಮ ಹೊಲ ಮೇಯೋರ ಮುಖ ನೋಡೋಕೆ ಸಮುದ್ರ ದಾಟಿ ಬರ್ತಾರಲ್ಲೇ!" ಎಂದು ಗಂಡ ಜೆಬ್ರಾನ್ ನಗುತ್ತಿದ್ದ. "ನಮ್ಮ ಬೇಲಿ ಹತ್ರ ಬಂದು ಕೂತ್ರೆ ಪುಕ್ಕಟೆ ತೋರಿಸ್ತೀನಿ."

ಕಣ್ಣು ಮಂಜಾಗತೊಡಗಿದ ಮೇಲೆ ಅವಳು ಕೆಲಸ ಬಿಡಲು ನಿಶ್ಚಯಿಸಿದಳು. ನವೆಂಬರಿನಲ್ಲಿ, ಮಳೆಗೆ ಮುಂಚೆ ಶಿಬಿರ ಮುಚ್ಚುವ ದಿನವೇ ಅವಳ ಕೊನೆಯ ದಿನ. ಅವಳ ತಂಗಿಯ ಮಗ ಲಾಸ್ಟನ್ ಅಲ್ಲೇ ಜೀಪು ಓಡಿಸುತ್ತಿದ್ದ. ಬೆಳಿಗ್ಗೆಯೇ ಖಾಲಿ ಜೀಪು ತಂದು ಅವಳ ಮುಂದೆ ನಿಲ್ಲಿಸಿದ.

"ಹತ್ತು, ದೊಡ್ಡಮ್ಮ."

"ಎಲ್ಲಿಗೋ? ಇನ್ನೂ ನಾಲ್ಕು ಹೊದಿಕೆ ಬಾಕಿ ಇವೆ."

"ಹೊದಿಕೆ ಎಲ್ಲೂ ಓಡಿಹೋಗಲ್ಲ. ಇಷ್ಟು ವರ್ಷ ಕಂಡವರ ಧೂಳು ಒಗ್ದೆ. ಇವತ್ತು ನಿನ್ನ ಬಟ್ಟೆಗೂ ಒಂಚೂರು ಧೂಳು ಹತ್ಲಿ."

ಸೆರಗಿನ ಗಂಟಿನಲ್ಲಿ ಬೇಯಿಸಿದ ಶೇಂಗಾ ಕಟ್ಟಿಕೊಂಡು ಹತ್ತಿ ಕುಳಿತಳು. ದಾರಿಯಲ್ಲಿ ಜೀಬ್ರಾಗಳನ್ನು ಕಂಡು, "ನಮ್ಮ ಪಾದ್ರಿ ಹೆಂಡ್ತಿ ಥರ ದುಂಡಗವೆ ಕಣೋ," ಎಂದಳು.

ನದಿ ಬತ್ತಿ ಸಣ್ಣಗಾಗಿತ್ತು. ತಿರುವಿನಲ್ಲಿ ಲಾಸ್ಟನ್ ಸದ್ದಿಲ್ಲದೆ ಜೀಪು ನಿಲ್ಲಿಸಿದ. ಆನೆಗಳ ಹಿಂಡು ನೀರು ದಾಟಿ ಇತ್ತಲಿನ ಕಡಿದಾದ ದಂಡೆ ಏರುತ್ತಿತ್ತು.

ತಿಸೌಕೆ ಲಾಸ್ಟನ್‌ನ ಭುಜ ಹಿಡಿದೆಳೆದಳು. "ತಿರುಗ್ಸೋ, ತಿರುಗ್ಸು!"

"ಸುಮ್ನೆ ಕೂತ್ಕೋ. ಏನೂ ಮಾಡಲ್ಲ."

ಎಲ್ಲವೂ ಹತ್ತಿದವು. ಒಂದು ಮರಿ ಮಾತ್ರ ಕೆಳಗೆ ಉಳಿಯಿತು. ಹುಟ್ಟಿ ತಿಂಗಳಾಗಿರಬೇಕು, ಸೊಂಡಿಲೇ ಇನ್ನೂ ಅದರ ಮಾತು ಕೇಳುತ್ತಿರಲಿಲ್ಲ. ಅರ್ಧ ಏರುವುದು, ಮರಳು ಕುಸಿದು ಜಾರುವುದು. ನಾಲ್ಕು ಸಲ ಹಾಗಾಯಿತು. ತಾಯಿ ಮೇಲೆ ನಿಂತು ಕಂಗಾಲಾಗಿ ಸೊಂಡಿಲು ಚಾಚುತ್ತಿತ್ತು. ಆಗ ಕಿವಿ ಹರಿದ ಮುದಿ ಹೆಣ್ಣಾನೆಯೊಂದು ಮತ್ತೆ ಕೆಳಗಿಳಿಯಿತು. ಮುಂಗಾಲಿನಿಂದ ದಂಡೆಯನ್ನು ಒದ್ದೊದ್ದು ಒಡೆದು ಇಳಿಜಾರು ಮಾಡಿತು. ಮರಿಯ ಹಿಂದೆ ನಿಂತು ಹಣೆಯಿಂದ ಮೆಲ್ಲಗೆ ಒತ್ತಿತು.

ತಿಸೌಕೆ ಯಾವಾಗಲೋ ಎದ್ದು ನಿಂತಿದ್ದಳು. "ಹೂಂ, ನನ್ನ ತಾಯೀ... ಇನ್ನೊಂದ್ಸಲ... ಈಗ ಬಿಡಬೇಡ, ಬಂತು, ಬಂತು..."

ಲಾಸ್ಟನ್ ತಿರುಗಿ ನೋಡಿದ. ಊರಿನ ಅರ್ಧ ಮಕ್ಕಳ ಹೆರಿಗೆ ಮಾಡಿಸಿದವಳು ಅವಳು, ಅವನದನ್ನೂ ಸೇರಿಸಿ. ಹೆರುವವರಿಗೆ ಹೇಳುವ ಮಾತುಗಳೇ ಅವು.

ಮರಿ ಮೇಲೆ ಬಂದು ತಾಯಿಯ ಕಾಲ ನಡುವೆ ದೊಪ್ಪೆಂದು ಬಿತ್ತು. ಹಿಂದೆಯೇ ಬಂದ ಮುದಿ ಆನೆ ಜೀಪಿನ ಪಕ್ಕದಲ್ಲಿ, ಎರಡು ಮಾರು ದೂರದಲ್ಲಿ, ನಿಂತಿತು. ಸೊಂಡಿಲೆತ್ತಿ ಅವಳತ್ತ ಗಾಳಿ ಮೂಸಿತು. ಹಸಿಹುಲ್ಲಿನ ವಾಸನೆಯ ಬೆಚ್ಚನೆ ಉಸಿರು ಅವಳ ಮುಖಕ್ಕೆ ತಾಗಿತು. ಉದ್ದ ರೆಪ್ಪೆಗಳ ಆ ಕಣ್ಣು ದಣಿದಿತ್ತು.

"ಆಯ್ತು ಕಣೇ," ಎಂದಳು ತಿಸೌಕೆ ಮೆಲುದನಿಯಲ್ಲಿ. "ಚೆನ್ನಾಗಿ ಮಾಡ್ದೆ. ಹೋಗು, ಸುಧಾರಿಸ್ಕೋ."

ಆನೆ ಹೋಯಿತು. ತಿಸೌಕೆ ಗಂಟು ಬಿಚ್ಚಿ ಲಾಸ್ಟನ್‌ಗೂ ಒಂದು ಹಿಡಿ ಶೇಂಗಾ ಕೊಟ್ಟಳು.

ಸಂಜೆ ಜೆಬ್ರಾನ್ ಕೇಳಿದ: "ಸಿಂಹ ಸಿಕ್ತಾ?"

"ಇಲ್ಲ."

"ಮತ್ತೆ ಇಡೀ ದಿನ ಏನ್ಮಾಡ್ದೆ?"

"ಹೆರಿಗೆ ಇತ್ತು," ಎಂದು ಅವಳು ಹಿಟ್ಟಿನ ಮುದ್ದೆ ತಿರುವತೊಡಗಿದಳು.

ಫೆಬ್ರುವರಿಯಲ್ಲಿ ಹಿಂಡು ಮತ್ತೆ ಹೊಲಕ್ಕೆ ಬಂತು. ಗಂಡಹೆಂಡಿರು ಮೆಣಸಿನ ಹೊಗೆ ಹಾಕಿ, ಬಾಯಿಗೆ ಬಂದಂತೆ ಬೈದು ಓಡಿಸಿದರು. ಬೆಳಕು ಹರಿದ ಮೇಲೆ ಹೋಗಿ ನೋಡಿದರೆ ಮೂರು ಸಾಲು ಜೋಳ ನೆಲಸಮ. ದೊಡ್ಡ ಹೆಜ್ಜೆಗಳ ನಡುವೆ ತಟ್ಟೆಯಷ್ಟಗಲದ ಪುಟ್ಟ ಹೆಜ್ಜೆಗಳು ಮಣ್ಣಿನಲ್ಲಿ ಮೂಡಿದ್ದವು.

"ಅಲ್ಲಿ ಕಾಲಿಡಬೇಡ," ಎಂದಳು ತಿಸೌಕೆ. "ಸುತ್ತಿ ಬಾ."

"ಹೊಲ ಹೋಯ್ತು, ಇವಳಿಗೆ ಹೆಜ್ಜೆ ಚಿಂತೆ," ಎಂದು ಗೊಣಗುತ್ತಲೇ ಜೆಬ್ರಾನ್ ಸುತ್ತಿ ಬಂದ.