ಮಿಸ್ಸಿಗೊಂದು ಕುರ್ಚಿ

ಬಸ್ಸಿನಿಂದ ಇಳಿದು ಟ್ರಂಕು ನೆಲಕ್ಕಿಡುವಷ್ಟರಲ್ಲಿ, ನಮ್ಮಪ್ಪನಿಗಿಂತ ಹಿರಿಯರೊಬ್ಬರು ಜಗಲಿಯಿಂದ ಎದ್ದು, ಹೆಗಲ ಮೇಲಿನ ಟವೆಲ್ ತೆಗೆದು "ನಮಸ್ಕಾರ ಮಿಸ್" ಎಂದರು. ಯಾರಿಗಿರಬಹುದು ಎಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಒಂದು ಎಮ್ಮೆ ನಿಂತಿತ್ತು.

ಧಾರವಾಡ ಬಿಟ್ಟು ನಂಜನಗೂಡು ತಾಲ್ಲೂಕಿನ ಈ ಊರಿಗೆ ಶಾಲೆಯ ಕೆಲಸಕ್ಕೆ ನಾನು ಬಂದದ್ದು ತೊಂಬತ್ತರ ದಶಕದಲ್ಲಿ. ನಮ್ಮ ಕಡೆ ಶಾಲೆ ಕಲಿಸುವವಳು ಅಕ್ಕೋರು, ಇಲ್ಲಿ ಮಿಸ್. ಮದುವೆಯಾಗದವರನ್ನು ಇಂಗ್ಲಿಷಿನಲ್ಲಿ ಹಾಗೆ ಕರೆಯುತ್ತಾರೆಂದು ಓದಿದ್ದೆ. ಇಲ್ಲಿಯ ಹೆಡ್‌ಮಿಸ್ಸಿಗೆ ಮೂವರು ಮೊಮ್ಮಕ್ಕಳು! ಮಕ್ಕಳು "ಮಿಸ್, ಒಂದಕ್ಕೆ ಓಗ್ಬರ್ಲಾ?" ಎನ್ನುವುದೇನೋ ಸರಿ. ಕಂಡಕ್ಟರ್ ಕೂಡ "ಮಿಸ್ಸು ಇಳೀಲಿ, ತಡ್ಯಪ್ಪ" ಎನ್ನುತ್ತಾನೆ. ನನಗೆ ಜ್ವರ ಬಂದರೆ ಬೀದಿಯೆಲ್ಲ "ಮಿಸ್ಗೆ ಉಸಾರಿಲ್ವಂತೆ." ಶಾಂತಾ ಎಂಬ ನನ್ನ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಮೊದಲ ವರ್ಷ ಇದಕ್ಕೆ ಹಿಗ್ಗಿದ್ದೂ ಉಂಟು. ಜೋಳದ ರೊಟ್ಟಿ ಅಗಿದ ಬಾಯಿಗೆ ರಾಗಿಮುದ್ದೆ ಕಲಿಸಿದವರು ನನ್ನ ಬಾಡಿಗೆ ಮನೆಯ ಒಡತಿ ಪುಟ್ಟಮ್ಮ. "ಅಗೀಬೇಡಿ ಮಿಸ್, ನುಂಗಿ."

ಆಮೇಲೆ ನಮ್ಮ ಶಾಲೆಗೆ ಸಾವಿತ್ರಿ ಬಂದಳು. ಟಿ. ನರಸೀಪುರದವಳು, ನನಗಿಂತ ಚಿಕ್ಕವಳು. ವಾರದೊಳಗೆ ಪುಟ್ಟಮ್ಮ ಅವಳ ಬೇರು ಕೆದಕಿ, ಅವಳ ಸೋದರತ್ತೆಯನ್ನು ಈ ಊರಿಗೇ ಕೊಟ್ಟದ್ದನ್ನು ಪತ್ತೆ ಹಚ್ಚಿದರು. ಮುಗಿಯಿತು. ಶಾಲೆಯಲ್ಲಿ ಮಿಸ್, ಬೀದಿಗೆ ಬಂದರೆ ಸಾವಿತ್ರಕ್ಕ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು. ಅವಳ ನಗು, ಅವಳ "ಬತ್ತೀನಿ ಕಣವ್ವ" ಎಲ್ಲವೂ ಚುಚ್ಚುತ್ತಿದ್ದವು. ಎರಡು ಬಸ್ಸು ಹತ್ತಿ ಬಂದವಳು ಮನೆಮಗಳು, ರೈಲು ಹತ್ತಿ ಬಂದ ನಾನು ಮಿಸ್.

ಪುಟ್ಟಮ್ಮನ ಮಗಳ ಮದುವೆಯ ಹಿಂದಿನ ದಿನ ಹಿತ್ತಲಲ್ಲಿ ಹೆಂಗಸರೆಲ್ಲ ಚಾಪೆಯ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದರು. ನೆನೆದ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಜಾರಿಸುವ ಕೆಲಸ, ನಮ್ಮ ಕಡೆ ನಾನು ಕಂಡದ್ದಲ್ಲ. ಸಾವಿತ್ರಿ ನಟ್ಟನಡುವೆ ಕೂತಿದ್ದಳು. ನಾನೂ ಸೆರಗು ಸಿಕ್ಕಿಸಿ ಕೂರಹೋದೆ.

"ಅಯ್ಯಯ್ಯೋ, ಮಿಸ್ಗೊಂದು ಕುರ್ಚಿ ತನ್ರಪ್ಪ ಯಾರಾದ್ರೂವೆ!" ಎಂದರು ಪುಟ್ಟಮ್ಮ.

ಕುರ್ಚಿ ಬಂತು, ಕಾಫಿ ಬಂತು. ಅಷ್ಟೆತ್ತರದಲ್ಲಿ ಒಬ್ಬಳೇ ಕೂತು ಸಾವಿತ್ರಿಯ ಬೈತಲೆ ನೋಡುತ್ತಿದ್ದೆ.

ಅದೇ ಹಿತ್ತಲು, ಅದೇ ಅವರೆಕಾಳು, ಏಳೆಂಟು ವರ್ಷದ ನಂತರ, ಪುಟ್ಟಮ್ಮನ ಮೊಮ್ಮಗುವಿನ ನಾಮಕರಣ. ಕುರ್ಚಿ ಎಲ್ಲಿ ಹಾಕುತ್ತಾರೋ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ. "ಏನ್ ಮಿಸ್ಸೇ, ನೋಡ್ತಾ ನಿಂತ್ಕಂಡ್ರೆ ಕೆಲ್ಸ ಆದದಾ? ಕುಂತ್ಕಳಿ, ಇದುಕಿ!" ಎಂದು ಪುಟ್ಟಮ್ಮ ಗದರಿದರು. ಅಕ್ಕ ಅನ್ನಲಿಲ್ಲ, ನಿಜ. ಆದರೆ ಚಾಪೆಯಲ್ಲಿ ಜಾಗ ಬಿಟ್ಟರು. ನನ್ನ ಬೆರಳಿನಿಂದ ಚಿಮ್ಮಿದ ಮೊದಲ ಕಾಳು ಹೋಗಿ ಸಾವಿತ್ರಿಯ ಕೆನ್ನೆಗೆ ಬಡಿಯಿತು. ಬೇಕೆಂದು ಮಾಡಿದ್ದಲ್ಲ, ಆದರೂ ಅಷ್ಟು ಸಮಾಧಾನ ನನಗೆ ಯಾವ ನಮಸ್ಕಾರದಲ್ಲೂ ಸಿಕ್ಕಿರಲಿಲ್ಲ.

ಕಳೆದ ದಸರಾ ರಜೆಗೆ ಧಾರವಾಡಕ್ಕೆ ಹೋಗಿದ್ದೆ. ಅಡುಗೆಮನೆಯಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂರಹೋದೆ.

"ನೆಲದ ಮ್ಯಾಲೆ ಬ್ಯಾಡ ಶಾಂತಾ. ಮೈಸೂರ ಕಡೆ ಇದ್ದು ರೂಢಿ ತಪ್ಪಿರತೈತಿ. ತಡಿ, ಕುರ್ಚಿ ತರ್ತೇನಿ."

ಕುರ್ಚಿ ಬಂತು, ಚಹಾ ಬಂತು. ವೈನಿ ಮತ್ತೆ ನೆಲಕ್ಕೆ ಕೂತು ರೊಟ್ಟಿ ಬಡಿಯತೊಡಗಿದರು. ಮೇಲಿನಿಂದ ಅವರ ಬೈತಲೆ ಕಾಣುತ್ತಿತ್ತು.