ಜಂಬಕ್ಕನ ಎರೆಭೂತ

ನನ್ನದು ಸಾಮಾನು ಸಾಗಿಸುವ ಆಟೊ. ಅದರಲ್ಲಿ ಸಿಮೆಂಟು ಹೇರಿದ್ದೇನೆ, ಮದುವೆ ದಿಬ್ಬಣ ಹೇರಿದ್ದೇನೆ, ಒಮ್ಮೆ ಸಿಟ್ಟಿಗೆದ್ದ ಎಮ್ಮೆಯನ್ನೂ ಹೇರಿದ್ದೇನೆ. ಆದರೆ ಕೊಟ್ಟೂರಿನ ಜಂಬಕ್ಕನಷ್ಟು ನನ್ನ ತಲೆ ತಿಂದ ಸರಕು ಇನ್ನೊಂದಿಲ್ಲ.

ಜಂಬಕ್ಕನದು ಹಳೆ ಸೀರೆ ಇಸಕೊಂಡು ಹೊಸ ಪಾತ್ರೆ ಕೊಡುವ ವ್ಯಾಪಾರ. ವಯಸ್ಸಿನಲ್ಲಿ ಪಾತ್ರೆಬುಟ್ಟಿ ತಲೆಯ ಮೇಲೆ ಹೊತ್ತು ನಡೆದೇ ಊರೂರು ಸುತ್ತಿದವಳು. ಗಂಡ ತೀರಿಕೊಂಡ ಮೇಲೂ ಇನ್ನೊಬ್ಬರ ಕೈ ಕಾಯದೆ ಮಕ್ಕಳನ್ನು ದಡ ಹತ್ತಿಸಿದಳು. ಮೊಣಕಾಲು ಕೈಕೊಟ್ಟ ಮೇಲೆ ನನಗೆ ಗಂಟುಬಿದ್ದಳು. ಆಟೊದ ಹಿಂದೆ ಡಬರಿ, ಕೊಡ, ಇಡ್ಲಿ ಪಾತ್ರೆ; ನೆತ್ತಿಯ ಮೇಲೆ ಮೈಕು; ಮೈಕಿನಲ್ಲಿ ಅವಳದೇ ದನಿ: "ಹಳೇ ಸೀರಿ ತರ್ರಿ, ಹೊಸ ಪಾತ್ರಿ ಒಯ್ಯಿರಿ. ಹರಿದಿದ್ದರೂ ನಡೀತೈತಿ." ಇಟ್ಟಿಗಿ, ಹಿರೇಹಡಗಲಿ, ಚಿಗಟೇರಿ ಎಂದು ಒಳರಸ್ತೆಯಲ್ಲಿ ತಿರುಗುವುದು ನಮ್ಮ ಕೆಲಸ. ಇಷ್ಟೇ ಆಗಿದ್ದರೆ ನನ್ನ ತಕರಾರು ಏನೂ ಇರಲಿಲ್ಲ.

ಹರಪನಹಳ್ಳಿಯ ಒಂದು ಮನೆಯವರು ಸೀರೆ ಸಾಲಲಿಲ್ಲ ಎಂದು ಮೇಲೆ ಒಂದು ಹಳೆ ದುರ್ಬೀನು ಹಾಕಿ ಪರಾತ ಒಯ್ದರು. ಅಂದಿನಿಂದ ನನ್ನ ಗ್ರಹಚಾರ ಕೆಟ್ಟಿತು. ಆ ದುರ್ಬೀನಿನ ಎಡಗಡೆ ಪೂರ್ತಿ ಮಬ್ಬು. ಜಂಬಕ್ಕ ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲೇ ಲೋಕ ನೋಡುವುದು. ತಂತಿಯ ಮೇಲೆ ನೀಲಕಂಠ ಕೂತಿದ್ದರೆ, "ನಿಲ್ಸಲೇ ಪ್ರವೀಣ." ಜಾಲಿಯ ಮೇಲೆ ಕಳ್ಳಿಪೀರ ಕೂತಿದ್ದರೆ, "ನಿಲ್ಸಲೇ ಪ್ರವೀಣ." ಟಿಟ್ಟಿಭ ನಮ್ಮ ನೆತ್ತಿಯ ಮೇಲೆ ಅರಚಾಡುತ್ತ ಹಾರಿದರೆ, "ತತ್ತಿ ಇಟ್ಟೈತಿ, ಪಾಪ, ಬೈಲಿ ಬಿಡು" ಎಂದು ಬೈಸಿಕೊಂಡು ನಿಲ್ಲುವಳು. ಹಕ್ಕಿ ಬೆದರಬಾರದೆಂದು ಮೈಕು ಬಂದ್. ಮೈಕು ಬಂದಾದರೆ ಯಾವ ಹೆಣ್ಣುಮಗಳು ಸೀರೆ ತಂದಾಳು?

"ಜಂಬಕ್ಕಾ, ನಾವು ಪಾತ್ರಿ ಮಾರಾಕ ಬಂದೀವೋ, ಹಕ್ಕಿ ಎಣಸಾಕ ಬಂದೀವೋ?" ಎಂದೆ ಒಂದು ದಿನ, ಸಿಟ್ಟು ತಡೆಯದೆ.

"ಎಣಸಾಕಲ್ಲಪ್ಪ. ನನಗ ಒಂದ ಒಂದು ಹಕ್ಕಿ ನೋಡಬೇಕಾಗೇತಿ," ಎಂದಳು.

ಆ ಒಂದು ಹಕ್ಕಿ ಎರೆಭೂತ. ಎರೆಹೊಲದಲ್ಲಿ ಮೇಕೆಮರಿಯಷ್ಟು ಎತ್ತರಕ್ಕೆ ನಿಂತು ಗೌಡರ ಹಾಗೆ ಗತ್ತಿನಿಂದ ನಡೆಯುತ್ತಿತ್ತಂತೆ. ಈಗ ನಮ್ಮ ಕಡೆ ನೋಡಿದವರೇ ಇಲ್ಲ. ಜಂಬಕ್ಕನ ಅಕ್ಕ ಕರಿಯಕ್ಕ, ಹಿರೇಹಡಗಲಿಗೆ ಕೊಟ್ಟವಳು, ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬಂಡಿಯಲ್ಲಿ ಹೋದಾಗ ಅದನ್ನು ನೋಡಿದ್ದಳು. ಜಂಬಕ್ಕ ಅಂದು ಮೈಮೇಲೆ ಅಮ್ಮನ ಗುಳ್ಳೆ ಎದ್ದು ಮನೆಯಲ್ಲೇ ಬೇವಿನ ಸೊಪ್ಪಿನ ಮೇಲೆ ಮಲಗಿದ್ದಳು. ಆಮೇಲೆ ಯಾರ ಮದುವೆ ಇರಲಿ, ಯಾರ ತೊಟ್ಟಿಲು ಇರಲಿ, ಕರಿಯಕ್ಕ ಎಲೆಯಡಿಕೆ ಬಾಯಿಗಿಟ್ಟು ಆ ಕಥೆ ಹೇಳುವುದು. ಕೊನೆಗೆ, "ನಮ್ಮ ಜಂಬಿ, ಪಾಪ, ನೋಡಲಿಲ್ಲ" ಎನ್ನುವುದು. ಆ "ಪಾಪ" ಕೇಳಿದಾಗಲೆಲ್ಲ ಜಂಬಕ್ಕನ ಮೈ ಉರಿಯುತ್ತಿತ್ತು. ಮುದುಕಿಯಾದರೂ ಉರಿ ಆರಿರಲಿಲ್ಲ.

"ಸಾಯೂದರಾಗ ಒಮ್ಮಿ ನೋಡಬೇಕಲೇ. ಆಕಿ ಕಣ್ಣೆದುರಿಗೇ ನೋಡಬೇಕು," ಎಂದಳು. ಅದನ್ನು ಕೇಳಿದ ಮೇಲೆ ನನಗೂ ಅಷ್ಟು ಜೋರು ಮಾಡಲು ಬಾಯಿ ಬರಲಿಲ್ಲ.

ಮೇ ತಿಂಗಳ ಒಂದು ದಿನ ಇಟ್ಟಿಗಿ ದಾಟಿ ಹಿರೇಹಡಗಲಿ ಕಡೆ ಹೊರಟಿದ್ದೆವು. ನೆಲ ಬಿರಿದು, ದೂರದ ಹೊಲವೆಲ್ಲ ಬಿಸಿಲಿಗೆ ನಡುಗುತ್ತಿತ್ತು. ಜಂಬಕ್ಕ ನನ್ನ ಭುಜಕ್ಕೆ ಗುದ್ದಿದಳು. ಬೆರಳು ಹೊಲದ ನಡುವಿಗೆ ಚಾಚಿತ್ತು. ಅಲ್ಲಿ ದೊಡ್ಡ ಹಕ್ಕಿಯೊಂದು ನಿಂತಿತ್ತು. ಕಪ್ಪು ಮೈ, ಕೆಂಪು ಕೊರಳು. ಎದೆ ಉಬ್ಬಿಸಿ ಎರಡು ಹೆಜ್ಜೆ ಹಾಕಿ, ಮತ್ತೆ ನಿಂತಿತು. ನಡಿಗೆ ಥೇಟು ಗೌಡರದೇ.

"ನಾ ಕಾಯ್ತೀನಿ. ನೀ ಹೋಗಿ ಅಕ್ಕನ್ನ ಕರ್ಕೊಂಡು ಬಾ," ಎಂದು ಜಾಲಿಯ ನೆರಳಿನಲ್ಲಿ ಕೂತಳು.

ಕರಿಯಕ್ಕ ಮಾಳಿಗೆಯ ಮೇಲೆ ಶಾವಿಗೆ ಸಂಡಿಗೆ ಒಣಹಾಕಿ ಕಾಗೆ ಕಾಯುತ್ತಿದ್ದಳು. ವಿಷಯ ಹೇಳಿದೆ. ಅವಳ ಮುಖದ ಬಣ್ಣ ಇಳಿಯಿತು. "ಸಂಡಿಗಿ ಯಾರು ಕಾಯಬೇಕು?" ಎಂದಳು. "ಮೊಣಕಾಲು ನೋವು" ಎಂದಳು. "ಕಣ್ಣು ಕಾಣಂಗಿಲ್ಲ" ಎಂದಳು. ಹೋದ ವರ್ಷವಷ್ಟೇ ಪೊರೆ ತೆಗೆಸಿದ್ದು ನನಗೇ ಗೊತ್ತು. ಆಸ್ಪತ್ರೆಗೆ ಒಯ್ದದ್ದೂ ಇದೇ ಆಟೊ. ಕೊನೆಗೆ ಹಿಟ್ಟಿನ ಕೈಯಲ್ಲೇ ಹತ್ತಿಸಿಕೊಂಡು ಬಂದೆ.

ಜಂಬಕ್ಕ ಕುಂಟುತ್ತ ಬಂದು ನನ್ನ ಪಕ್ಕದಲ್ಲೇ ಕೂತಿದ್ದ ಅಕ್ಕನ ಕೈಗೆ ದುರ್ಬೀನು ಕೊಟ್ಟಳು. "ಬಲಗಣ್ಣಾಗ ನೋಡಕ್ಕ. ನೀ ನೋಡಿದ್ದು ಇದೇ ಹೌದಿಲ್ಲೋ, ಹೇಳು."

ಕರಿಯಕ್ಕ ಬಹಳ ಹೊತ್ತು ನೋಡಿದಳು. "ಇದೇ," ಎಂದಳು. "ಅದೇ ಕೆಂಪು ಕೊರಳು, ಅದೇ ನಡಿಗಿ. ಅಪ್ಪನ ಆಣಿ, ಅವತ್ತು ನಾ ನೋಡಿದ್ದು ಇದನ್ನ."

ಜಂಬಕ್ಕನ ಕಣ್ಣು ತುಂಬಿಬಂತು. ಕರಿಯಕ್ಕ ದುರ್ಬೀನು ಕೆಳಗಿಡಲು ಹೋಗಿ ಮೊಳಕೈಯಿಂದ ಮೈಕಿನ ಸ್ವಿಚ್ಚು ಒತ್ತಿದಳು. "ಹಳೇ ಸೀರಿ ತರ್ರಿ," ಎಂದು ಮೈಕು ಒದರಿತು. ಹೊಲದಿಂದ ಎರೆಭೂತ ಕತ್ತು ಚಾಚಿ, "ಗುಳುಗುಳುಗುಳು," ಎಂದಿತು. "ಹೊಸ ಪಾತ್ರಿ ಒಯ್ಯಿರಿ," ಎಂದಿತು ಮೈಕು. "ಗುಳುಗುಳುಗುಳು," ಎನ್ನುತ್ತ ಎರೆಭೂತ ಪಾತ್ರೆ ಒಯ್ಯುವ ಹಾಗೆ ನೇರ ಆಟೊದ ಕಡೆಗೇ ಬಂತು.

ಅದರ ಹಿಂದೆಯೇ ಬೈಕಿನಲ್ಲಿ ಇಟ್ಟಿಗಿಯ ಪಂಕ್ಚರ್ ಅಂಗಡಿ ಯೂನುಸ ಬಂದ. "ಹಿಡೀರಿ ಅಣ್ಣಾರ. ನಂದು ಟರ್ಕಿ ಕೋಳಿ. ನಿನ್ನೆ ಹಗರಿಬೊಮ್ಮನಹಳ್ಳಿ ಕಡಿಯಿಂದ ತಂದೀನಿ, ಇವತ್ತ ಓಡಿ ಬಂದೈತಿ," ಎಂದ. ಹಿಡಿದು ಚೀಲಕ್ಕೆ ಹಾಕಿ, ತಲೆ ಮಾತ್ರ ಹೊರಗೆ ಬಿಟ್ಟು ಬೈಕಿಗೆ ಕಟ್ಟಿಕೊಂಡು ಹೋದ. ಅದು ಹೋಗುವಾಗಲೂ ಗತ್ತು ಬಿಡಲಿಲ್ಲ.

ನನಗೆ ನಗು ಒತ್ತಿ ಬರುತ್ತಿತ್ತು. ಇಬ್ಬರ ಮುಖ ನೋಡಿ ನುಂಗಿಕೊಂಡೆ.

"ಅಕ್ಕಾ, ನೀ ಎರಿಭೂತ ನೋಡೇ ಇಲ್ಲ," ಎಂದಳು ಜಂಬಕ್ಕ.

ಕರಿಯಕ್ಕ ಕೈಗಂಟಿದ ಹಿಟ್ಟು ಕೆರೆಯುತ್ತ ಕೂತಳು. "ಬಂಡ್ಯಾಗ ನಿದ್ದಿ ಹತ್ತಿತ್ತು. ಎದ್ದಾಗ ಹಾರಿಹೋಗಿತ್ತು, ಅಪ್ಪ ಒಬ್ಬನ ನೋಡಿದ. ಮನಿಗೆ ಬಂದರ ಎಲ್ಲಾರೂ ನಿನ್ನ ಸುತ್ತ. ನನಗ ಉಂಡೀಯೇನು ಅಂತ ಒಬ್ಬರೂ ಕೇಳಲಿಲ್ಲ. ಅದಕ್ಕ ನೋಡೀನಿ ಅಂದೆ. ಒಮ್ಮಿ ಅಂದ ಮ್ಯಾಲ ಹೆಂಗ ಬಿಡ್ಲಿ?"

ಈಗ ಜಗಳ ಮುಗಿಲು ಮುಟ್ಟುತ್ತದೆ ಎಂದುಕೊಂಡೆ. ಆದರೆ ಜಂಬಕ್ಕ ಆಟೊ ಹತ್ತಿ, ಅಕ್ಕನ ಮನೆಗೆ ನಡಿ ಎಂದಳು. ಅಲ್ಲಿ ಸಂಡಿಗೆ ಕಾಗೆಗಳ ಪಾಲಾಗಿತ್ತು. ಸೀರೆ ಇಸಕೊಳ್ಳದೆ ಒಂದು ಡಬರಿ ಕೊಟ್ಟು, "ಮತ್ತ ಹಿಟ್ಟು ಬೇಯ್ಸು," ಎಂದು ಬಂದಳು.

ಮುಂದಿನ ವಾರ ಕರಿಯಕ್ಕನ ಮೊಮ್ಮಗಳು ಪ್ರಿಯಾಳ ಕೂಸಿನ ತೊಟ್ಟಿಲು. ಊಟವಾದ ಮೇಲೆ ಬೀಗರು ಎರೆಭೂತದ ಕಥೆ ಹೇಳು ಎಂದು ಗಂಟುಬಿದ್ದರು. ಕರಿಯಕ್ಕ ಎಲೆಯಡಿಕೆ ಹಿಡಿದವಳು ಬಾಯಿಗಿಡದೆ ತಂಗಿಯನ್ನು ನೋಡಿದಳು. ಐವತ್ತು ವರ್ಷದ ಉರಿ ತೀರಿಸಿಕೊಳ್ಳಲು ಜಂಬಕ್ಕನಿಗೆ ಒಂದೇ ಮಾತು ಸಾಕಿತ್ತು.

"ಹೇಳಕ್ಕ, ಯಾಕ ಕುಂತಿ? ಮೊನ್ನೆ ನಾನೂ ನಿನ್ನ ಕೂಡ ನೋಡೀನಲ್ಲ," ಎಂದಳು ಜಂಬಕ್ಕ.

ಎಲ್ಲರೂ ಸಾಕ್ಷಿಗೆ ನನ್ನ ಕಡೆ ತಿರುಗಿದರು. ತಲೆಯಾಡಿಸಿದೆ, ಮತ್ತೇನು ಮಾಡಲಿ. ಕರಿಯಕ್ಕ ಶುರು ಮಾಡಿದಳು: ಎರೆಹೊಲ, ಕೆಂಪು ಕೊರಳು, ಗೌಡರ ನಡಿಗೆ. "ಪಾಪ" ಬರುವ ಜಾಗಕ್ಕೆ ಬಂದು, ಕೈಯಲ್ಲಿದ್ದ ಎಲೆಯಡಿಕೆಯನ್ನು ತಂಗಿಯ ಕೈಗಿಟ್ಟಳು.

"ಮೊದಲು ನೋಡಿದಾಕಿ ನಮ್ಮ ಜಂಬಿ," ಎಂದಳು. "ನನಗ ತೋರಿಸಿದಾಕಿನೂ ಆಕಿನ."